ಬಿಭಾ ಚೌಧುರಿ: ಫಲಕದ ಮೇಲೆ ಮೂಡಿದ ಮೆಸಾನಿನ ಜಾಡು

ಕೇಳುಗರಿಗೆ ನಮಸ್ಕಾರ. ಬಾಹ್ಯಾಕಾಶದಿಂದ ಭೂಮಿಯತ್ತ ಅತಿವೇಗವಾಗಿ ಬರುವ ಕಣಗಳೇ ವಿಶ್ವಕಿರಣಗಳು. ಅವುಗಳಲ್ಲಿರುವ ಮೆಸಾನ್ ಕಣಗಳನ್ನು, ಅಂದರೆ ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಕಣಗಳನ್ನು, ಛಾಯಾಚಿತ್ರ ಫಲಕಗಳ ನೆರವಿನಿಂದ ಪತ್ತೆಹಚ್ಚಿದ್ದಕ್ಕಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಭೌತವಿಜ್ಞಾನಿ ಸೆಸಿಲ್ ಪೊವೆಲ್ ಅವರಿಗೆ 1950ರ ನೊಬೆಲ್ ಪ್ರಶಸ್ತಿ ಸಂದಿತು. ಪೊವೆಲ್ ತಂಡದ 1947ರ ಶೋಧಕ್ಕೂ ಮೊದಲೇ, ಅದೇ ದಾರಿಯಲ್ಲಿ ನಡೆದಿದ್ದ ಭಾರತೀಯ ಮಹಿಳೆ ಬಿಭಾ ಚೌಧುರಿ.

1913ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು 1936ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದ ಎಂ.ಎಸ್ಸಿ. ಪದವಿ ಪಡೆದು, ಬೋಸ್ ಸಂಸ್ಥೆಯಲ್ಲಿ ದೇವೇಂದ್ರ ಮೋಹನ್ ಬೋಸರೊಡನೆ ಸಂಶೋಧನೆಗೆ ತೊಡಗಿದರು. ವಾತಾವರಣ ತೆಳುವಾಗಿರುವ ಎತ್ತರದ ಜಾಗಗಳಲ್ಲಿ ವಿಶ್ವಕಿರಣಗಳು ಹೆಚ್ಚು ಸಿಗುವುದರಿಂದ, ಇಲ್ಫೋರ್ಡ್ ಕಂಪನಿಯ ಫಲಕಗಳನ್ನು ಡಾರ್ಜಿಲಿಂಗ್‌ನಲ್ಲಿಯೂ ಸುಮಾರು 3,600 ಮೀಟರ್ ಎತ್ತರದ ಸಂದಕ್‌ಫುವಿನಲ್ಲಿಯೂ ದೀರ್ಘಕಾಲ ಇರಿಸಿ, ಬಳಿಕ ಸಂಸ್ಕರಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಕಣ ಹಾದುಹೋದ ಕಡೆ ಬೆಳ್ಳಿಯ ಸೂಕ್ಷ್ಮ ಹರಳುಗಳು ಸಾಲಾಗಿ ಕಪ್ಪಾಗಿರುತ್ತವೆ. ಕಣದ ವೇಗ ಕುಗ್ಗಿದಂತೆ ಆ ಚುಕ್ಕಿಗಳು ಒತ್ತಾಗುತ್ತವೆ, ಜಾಡು ಅಲ್ಲಲ್ಲಿ ಸೊಟ್ಟಗಾಗುತ್ತದೆ. ಚುಕ್ಕಿಗಳ ನಡುವಿನ ಅಂತರವನ್ನೂ ಜಾಡಿನ ಬಾಗುಗಳನ್ನೂ ಒಂದೊಂದಾಗಿ ಅಳೆದು, ಆ ಕಣದ ತೂಕ ಎಲೆಕ್ಟ್ರಾನಿನ ಸುಮಾರು 200 ಪಟ್ಟು ಎಂದು ಇಬ್ಬರೂ ಲೆಕ್ಕ ಹಾಕಿದರು. ಆ ಲೇಖನಗಳು 1940ರಿಂದ 1942ರವರೆಗೆ 'ನೇಚರ್' ಪತ್ರಿಕೆಯಲ್ಲಿ ಅಚ್ಚಾದವು.

ಅಷ್ಟರಲ್ಲಿ ಮಹಾಯುದ್ಧ. ಇನ್ನೂ ಸೂಕ್ಷ್ಮವಾದ ಫಲಕಗಳು ಇವರ ಕೈಗೆ ಸಿಗದೆ ಕೆಲಸ ಅಲ್ಲಿಗೇ ನಿಂತಿತು. ಯುದ್ಧಾನಂತರ ಸುಧಾರಿತ ಫಲಕಗಳು ದೊರೆತ ಪೊವೆಲ್ ತಂಡ, ಒಂದು ಮೆಸಾನ್ ಕ್ಷಯಿಸಿ ಮತ್ತೊಂದು ಕಣವಾಗುವುದನ್ನೇ ಕಂಡಿತು. ಆ ಸಾಧನೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೋಟಾನ್ ಮತ್ತು ಮೆಸಾನ್‌ಗಳ ಜಾಡುಗಳನ್ನು ಫಲಕದ ಮೇಲೆ ಬೇರ್ಪಡಿಸಿ ಗುರುತಿಸಬಹುದೆಂದು ಬೋಸ್ ಮತ್ತು ಚೌಧುರಿ 1941ರಲ್ಲೇ ತೋರಿಸಿದ್ದರೆಂದು ಸ್ವತಃ ಪೊವೆಲ್ ತಮ್ಮ ಗ್ರಂಥದಲ್ಲಿ ಬರೆದಿರುವಾಗ, ನಮ್ಮ ಪಠ್ಯಪುಸ್ತಕಗಳು ಈ ಹೆಸರನ್ನು ಬಿಟ್ಟಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮುಂದೆ ಬಿಭಾ ಅವರು ಮ್ಯಾಂಚೆಸ್ಟರಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ಡಾಕ್ಟರೇಟ್‌ಗಾಗಿ ದುಡಿದರು. 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿನ ಮೊದಲ ಮಹಿಳಾ ಸಂಶೋಧಕಿಯಾದರು. ನಂತರ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲಿಯೂ ಪಾಲ್ಗೊಂಡರು. 1991ರಲ್ಲಿ ತೀರಿಕೊಳ್ಳುವವರೆಗೂ ದೇಶದ ಯಾವ ಪ್ರಮುಖ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಲಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದು ನಕ್ಷತ್ರಕ್ಕೆ 'ಬಿಭಾ' ಎಂದು ಹೆಸರಿಟ್ಟಿತು. ಕೋಲಾರದ ಗಣಿಯ ವಿಜ್ಞಾನ ಚರಿತ್ರೆಯನ್ನು ಮಕ್ಕಳಿಗೆ ಹೇಳುವ ನಮ್ಮ ಅಧ್ಯಾಪಕರು ಈ ಹೆಸರನ್ನೂ ಸೇರಿಸಿ ಹೇಳಬೇಕೆಂದು ಕೋರುತ್ತೇನೆ. ನಮಸ್ಕಾರ.