ಬಾಂಬಿಗೆ ಹೆದರದ ಕಿಂಗ್, ಗಾಳಿಮಾತಿಗೆ ಹೆದರಿದ ಕಿಂಗ್

ಸ್ನೇಹಿತರೇ,

ಮಾರ್ಟಿನ್ ಲೂಥರ್ ಕಿಂಗ್ ಅಂದ ಕೂಡಲೇ ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆ ನೆನಪಾಗುತ್ತದೆ, ಅಲ್ವಾ? ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಅದನ್ನು ಮುಂದೆ ನಿಂತು ಸಂಘಟಿಸಿದವರು ಬೇಯಾರ್ಡ್ ರಸ್ಟಿನ್. ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಇದರಲ್ಲಿ ಕಿಂಗ್ ಅವರ ಪಾಲೂ ಸ್ವಲ್ಪ ಇದೆ.

ರಸ್ಟಿನ್ ಯುದ್ಧ, ಹಿಂಸೆಯನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಗಾಂಧಿಯ ದಾರಿಯನ್ನು ಆಳವಾಗಿ ಓದಿಕೊಂಡಿದ್ದವರು. 1956ರಲ್ಲಿ ಮಾಂಟ್ಗೊಮರಿ ನಗರದಲ್ಲಿ, ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ನಡೆದ ಬಸ್ ಬಹಿಷ್ಕಾರದ ಸಮಯದಲ್ಲಿ ಅಲ್ಲಿಗೆ ಬಂದರು. ಕಿಂಗ್ ಮನೆಗೆ ಆಗಷ್ಟೇ ಬಾಂಬ್ ಬಿದ್ದಿತ್ತು. ಮನೆಯಲ್ಲಿ ಬಂದೂಕುಗಳಿದ್ದವು. ಅಹಿಂಸೆಯ ಮಾತಾಡುವವರ ಮನೆಯಲ್ಲಿ ಬಂದೂಕು ಇರಬಾರದು ಅಂತ ಆಗ ಯುವ ಪಾಸ್ಟರ್ ಆಗಿದ್ದ ಕಿಂಗ್‌ಗೆ ಮನವರಿಕೆ ಮಾಡಿಕೊಟ್ಟವರಲ್ಲಿ ರಸ್ಟಿನ್ ಮುಖ್ಯರು.

ರಸ್ಟಿನ್ ಸಲಿಂಗಿ. 1960ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಹೊರಗೆ ಪ್ರತಿಭಟನೆಗೆ ಕಿಂಗ್, ರಸ್ಟಿನ್ ತಯಾರಿ ನಡೆಸಿದ್ದರು. ಆಗ ನ್ಯೂಯಾರ್ಕ್‌ನ ಹಾರ್ಲೆಮ್‌ನ ಸಂಸದ ಆಡಮ್ ಕ್ಲೇಟನ್ ಪೊವೆಲ್ ಒಂದು ಬೆದರಿಕೆ ಹೇಳಿ ಕಳಿಸಿದರು. ಪ್ರತಿಭಟನೆ ಕೈಬಿಡದಿದ್ದರೆ ಕಿಂಗ್‌ಗೂ ರಸ್ಟಿನ್‌ಗೂ ಲೈಂಗಿಕ ಸಂಬಂಧ ಇದೆ ಅಂತ ಹಬ್ಬಿಸುತ್ತೇನೆ ಅಂದರು. ಶುದ್ಧ ಸುಳ್ಳು. ಪೊವೆಲ್ ಕೂಡ ಪಾಸ್ಟರೇ ಅನ್ನುವುದು ಇನ್ನೂ ನೋವಿನ ಸಂಗತಿ. ರಸ್ಟಿನ್ ತಾವೇ ದೂರ ಸರಿಯಲು ಮುಂದಾದರು. ಕಿಂಗ್ ಬೇಡ ಅನ್ನಲಿಲ್ಲ.

ಜೀವಕ್ಕೆ ಹೆದರದ ಮನುಷ್ಯ ಮರ್ಯಾದೆಗೆ ಹೆದರಿದರು. ಒಂದು ಕಡೆ ಇರುವ ಧೈರ್ಯ ಇನ್ನೊಂದು ಕಡೆ ತಾನಾಗಿ ಬರುವುದಿಲ್ಲ. 1963ರಲ್ಲಿ ಹಿರಿಯ ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ಪಟ್ಟು ಹಿಡಿದು ರಸ್ಟಿನ್‌ರನ್ನು ವಾಪಸ್ ಕರೆತಂದರು. ಮೆರವಣಿಗೆಗೆ ಮೊದಲು ಸೆನೆಟರ್ ಸ್ಟ್ರಾಮ್ ಥರ್ಮಂಡ್ ಸೆನೆಟ್‌ನಲ್ಲೇ ರಸ್ಟಿನ್‌ರ ಖಾಸಗಿ ಬದುಕನ್ನು ಕೆದಕಿದಾಗ ನಾಯಕರು ಅವರನ್ನು ಬಿಟ್ಟುಕೊಡಲಿಲ್ಲ. ಕಿಂಗ್ ಕೂಡ. ರಾಂಡಾಲ್ಫ್ ಅಂಥವರು ಪಕ್ಕದಲ್ಲಿ ಇಲ್ಲದಿದ್ದರೆ ಈ ಬದಲಾವಣೆ ಕಷ್ಟವಿತ್ತು ಅಂತ ನನ್ನ ನಂಬಿಕೆ.

ಕಿಂಗ್ ಅವರ ಬೇರೆ ತಪ್ಪುಗಳೂ ಇವೆ. ಪರಸ್ತ್ರೀ ಸಂಬಂಧಗಳಿದ್ದವು. ಡಾಕ್ಟರೇಟ್ ಪ್ರಬಂಧದಲ್ಲಿ ಬೇರೆಯವರ ಬರಹವನ್ನು ಹೆಸರು ಹೇಳದೆ ಬಳಸಿದ್ದರು ಅಂತ 1991ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಮಿತಿಯೇ ಹೇಳಿತು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ದುರುದ್ದೇಶದಿಂದ ಅವರ ಬೆನ್ನು ಬಿದ್ದಿತ್ತು, ನಿಜ. ಅದನ್ನೇ ನೆಪ ಮಾಡಿಕೊಂಡು ಈ ತಪ್ಪುಗಳ ಬಗ್ಗೆ ಸುಮ್ನೆ ಇದ್ದುಬಿಡುವುದು ಸರಿಯಲ್ಲ.

ಹಾಗಂತ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಜಾನ್ ವ್ಯಾನಿಯೆ 1964ರಲ್ಲಿ ಫ್ರಾನ್ಸ್‌ನಲ್ಲಿ ಲಾರ್ಶ್ ಸಮುದಾಯ ಶುರು ಮಾಡಿದರು. ಬೌದ್ಧಿಕ ಅಂಗವೈಕಲ್ಯ ಇರುವವರ ಜೊತೆ ಇತರರೂ ಒಂದೇ ಮನೆಯಲ್ಲಿ ಬದುಕುವ ಸುಂದರ ಪ್ರಯೋಗ ಅದು. ಅನೇಕರು ಅವರನ್ನು ಸಂತ ಅಂತಲೇ ಕಂಡರು. 2019ರಲ್ಲಿ ತೀರಿಕೊಂಡರು. ಮರುವರ್ಷ ಬಂದ ವರದಿ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಕನಿಷ್ಠ ಆರು ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರು ಅಂತ ಹೇಳಿತು. ಇಲ್ಲಿ ದೌರ್ಬಲ್ಯ ಅನ್ನುವ ಮೆತ್ತಗಿನ ಮಾತು ಸಲ್ಲದು. ಇದು ನಂಬಿ ಬಂದವರ ಮೇಲೆ ಮಾಡಿದ ದೌರ್ಜನ್ಯ. ಮಾಡಿದ ಒಳ್ಳೆಯ ಕೆಲಸವನ್ನು ಅದರ ಎದುರು ತೂಗಿ ಲೆಕ್ಕ ಚುಕ್ತಾ ಮಾಡಲು ಆಗದು.

ಆ ತನಿಖೆ ಮಾಡಿಸಿದ್ದು ಲಾರ್ಶ್ ಸಂಸ್ಥೆಯೇ. ಸ್ಥಾಪಕರ ಹೆಸರಿನ ಮೇಲೆ ನಿಂತ ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ. ಆರಕ್ಕೇ ನಿಲ್ಲಿಸಲೂ ಇಲ್ಲ. ಸ್ವತಂತ್ರ ವಿದ್ವಾಂಸರ ಸಮಿತಿಗೆ ಕೆಲಸ ಒಪ್ಪಿಸಿತು. 2023ರ ಅವರ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25 ಆಯಿತು. ಸಂತ ಅನಿಸಿಕೊಂಡವರ ವಿರುದ್ಧ ಬಾಯಿ ಬಿಟ್ಟ ಮೊದಲ ಮಹಿಳೆಯರು ಇಲ್ಲದಿದ್ದರೆ ಇದ್ಯಾವುದೂ ಹೊರಬರುತ್ತಿರಲಿಲ್ಲ.