ಗಾಳಿಗಿರಣಿಯ ಆಚೆಗೆ ಡಾನ್ ಕ್ವಿಕ್ಸಾಟ್

ಕೇಳುಗರಿಗೆ ನಮಸ್ಕಾರ. ಸ್ಪೇನಿನ ಸೆರ್ವಾಂಟಿಸ್ ಬರೆದ ‘ಡಾನ್ ಕ್ವಿಕ್ಸಾಟ್’ ಎಂದೊಡನೆ, ಗಾಳಿಗಿರಣಿಗಳನ್ನು ರಾಕ್ಷಸರೆಂದು ಬಗೆದು ಭರ್ಜಿ ಹಿಡಿದು ನುಗ್ಗಿದ ಬಡಕಲು ವೀರನ ಚಿತ್ರವೇ ಎಲ್ಲರ ಕಣ್ಣಿಗೆ ಕಟ್ಟುತ್ತದೆ. ಒಡೆಯ ಆದರ್ಶವಾದಿ, ಸೇವಕ ಸ್ಯಾಂಚೊ ವಾಸ್ತವವಾದಿ ಎಂದು ಹೇಳಿ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ದಯವಿಟ್ಟು ಗಮನಿಸಿ, ಒಟ್ಟು 126 ಅಧ್ಯಾಯಗಳ ಕೃತಿಯಲ್ಲಿ ಗಾಳಿಗಿರಣಿ ಬರುವುದು 8ನೆಯದರಲ್ಲಿ! ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಈ ಕಥೆಯಲ್ಲಿ ಆದರ್ಶವೂ ವಾಸ್ತವವೂ ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತಲೇ ಇರುತ್ತವೆ.

1615ರಲ್ಲಿ ಪ್ರಕಟವಾದ ಎರಡನೆಯ ಭಾಗದಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗವೊಂದಿದೆ. ತನ್ನ ಒಲವಿನ ರಾಣಿಯೆಂದು ತಾನೇ ಕಲ್ಪಿಸಿಕೊಂಡ ಡಲ್ಸೀನಿಯಳನ್ನು ಹುಡುಕಿ ತರುವಂತೆ ಒಡೆಯನು ಸ್ಯಾಂಚೊನನ್ನು ಎಲ್ ಟೊಬೋಸೊ ಎಂಬ ಊರಿಗೆ ಕಳುಹಿಸುತ್ತಾನೆ. ಇಲ್ಲದವಳನ್ನು ಎಲ್ಲಿಂದ ತರುವುದು? ಸ್ಯಾಂಚೊ ಒಂದು ಮರದ ಕೆಳಗೆ ಕುಳಿತು ಯೋಚಿಸಿ, ಕತ್ತೆಗಳ ಮೇಲೆ ಬರುತ್ತಿದ್ದ ಮೂವರು ಹಳ್ಳಿಯ ಹೆಂಗಸರನ್ನೇ ತೋರಿಸಿ, ಇಗೋ ಡಲ್ಸೀನಿಯ, ಇಗೋ ಅವಳ ಸಖಿಯರು ಎಂದು ಮಂಡಿಯೂರುತ್ತಾನೆ. ಒಡೆಯನಿಗೆ ಕಾಣುವುದು ಮೂವರು ರೈತ ಹೆಂಗಸರು, ಮೂರು ಕತ್ತೆಗಳು, ಅಷ್ಟೆ. ಹತ್ತಿರ ಹೋದರೆ ಮೂಗಿಗೆ ಬಡಿಯುವುದು ಹಸಿ ಬೆಳ್ಳುಳ್ಳಿಯ ವಾಸನೆ. ಇವು ರಾಕ್ಷಸರಲ್ಲ, ಬರಿಯ ಗಿರಣಿಗಳು ಎಂದು ಗಾಳಿಗಿರಣಿಯ ಮುಂದೆ ಸ್ಯಾಂಚೊ ಆಡಿದ್ದಂಥ ಮಾತನ್ನು ಇಲ್ಲಿ ಒಡೆಯನು ಆಡುತ್ತಾನೆ. ಒಡೆಯನ ಕಲ್ಪನೆ ಸೇವಕನ ಬಾಯಲ್ಲಿದೆ. ಕೊನೆಗೆ, ಯಾರೋ ಮಾಂತ್ರಿಕರು ತನ್ನ ರಾಣಿಯ ರೂಪ ಕೆಡಿಸಿದ್ದಾರೆಂದು ಡಾನ್ ಕ್ವಿಕ್ಸಾಟ್ ದುಃಖಿಸುತ್ತಾನೆ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಮುಂದೆ ಒಬ್ಬ ಡಚೆಸ್, ಎಂದರೆ ಸಿರಿವಂತ ಸರದಾರನ ಮಡದಿ, ಆ ಹೆಂಗಸು ನಿಜವಾಗಿಯೂ ಮಾಟಕ್ಕೊಳಗಾದ ಡಲ್ಸೀನಿಯಳೇ ಎಂದು ಸ್ಯಾಂಚೊನನ್ನು ನಂಬಿಸಿಬಿಡುತ್ತಾಳೆ. ತಾನು ಹೆಣೆದ ಸುಳ್ಳಿಗೆ ತಾನೇ ಸಿಕ್ಕಿಬೀಳುವ ಈ ಜಾಣನನ್ನು ವಾಸ್ತವವಾದಿ ಎನ್ನುವುದು ಹೇಗೆ? ಮಾಟ ಬಿಡಿಸಲು ಅವನು 3,300 ಛಡಿಯೇಟು ತಿನ್ನಬೇಕೆಂಬ ಅಪ್ಪಣೆಯೂ ಆಗುತ್ತದೆ. ಪ್ರತಿ ಏಟಿಗೂ ಒಡೆಯನಿಂದ ಹಣ ಗೊತ್ತುಮಾಡಿಕೊಂಡು, ಕತ್ತಲಲ್ಲಿ ಮರಗಳಿಗೆ ಬಾರಿಸುತ್ತಾ ನರಳುವಾಗ ಅವನ ವ್ಯವಹಾರಬುದ್ಧಿ ಮತ್ತೆ ಮರಳಿರುತ್ತದೆ.

ಸಮಯ ಕಡಿಮೆಯಿರುವುದರಿಂದ ಸ್ಯಾಂಚೊ ಬರಟಾರಿಯ ಎಂಬ ‘ದ್ವೀಪ’ದ ರಾಜ್ಯಪಾಲನಾಗಿ ಜಾಣತನದಿಂದ ನ್ಯಾಯ ತೀರಿಸಿದ್ದನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಕೊನೆಯ ಅಧ್ಯಾಯದಲ್ಲಿ ಒಡೆಯನು ಭ್ರಮೆ ಕಳೆದುಕೊಂಡು, ತಾನು ಡಾನ್ ಕ್ವಿಕ್ಸಾಟ್ ಅಲ್ಲ, ತನ್ನ ನಿಜ ಹೆಸರಿನ ಬರಿಯ ಅಲೊನ್ಸೊ ಕಿಹಾನೊ ಎಂದು ಹೇಳಿ ಉಯಿಲು ಬರೆಸುತ್ತಾನೆ. ಸಾಯಬೇಡಿ, ಏಳಿ, ಕುರುಬರ ವೇಷ ಹಾಕಿ ಬಯಲಿಗೆ ಹೋಗೋಣ, ಡಲ್ಸೀನಿಯ ಅಲ್ಲೇ ಯಾವುದಾದರೂ ಪೊದೆಯ ಹಿಂದೆ ಸಿಕ್ಕಾಳು ಎಂದು ಅಳುತ್ತಾ ಬೇಡುವವನು ಸ್ಯಾಂಚೊ. ಓದುವವರು ದಯವಿಟ್ಟು ಎರಡನೆಯ ಭಾಗವನ್ನೂ ಓದಿ. ನಮಸ್ಕಾರ.