ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

‘ಕಾಲೇಜು ಗ್ರಂಥಾಲಯ ಮತ್ತು ಮಾಹಿತಿ ಸಾಕ್ಷರತೆ’ ಎಂಬುದು ನಿಲಯದವರು ನನಗೆ ಕೊಟ್ಟಿರುವ ವಿಷಯ. ಹೆಸರು ಕೇಳಿದ ಕೂಡಲೇ ರೇಡಿಯೋ ಆರಿಸಬೇಡಿ. ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ನಾಪೋಕ್ಲು ಕಡೆಗಳಲ್ಲಿ ಬೆಳಗಿನ ಬಸ್ಸು ಹಿಡಿದು ಪದವಿ ಕಾಲೇಜಿಗೆ ಹೋಗುವ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡೇ ನಾನು ಮಾತನಾಡುತ್ತಿದ್ದೇನೆ. ಅವರ ತಂದೆತಾಯಿಯರೂ ಕೇಳಲಿ. ತೋಟದ ಕೆಲಸಕ್ಕೆ ಬರುವ ಒಂದು ಮಾತೂ ಇದರಲ್ಲಿದೆ.

ಮಾಹಿತಿ ಸಾಕ್ಷರತೆ ಎಂದರೆ ಇಷ್ಟೇ: ಬೇಕಾದದ್ದನ್ನು ಹುಡುಕಲು ಬರಬೇಕು, ಸಿಕ್ಕಿದ್ದನ್ನು ಅಳೆದು ನೋಡಲು ಬರಬೇಕು, ಯಾರಿಂದ ಪಡೆದೆವೋ ಅವರ ಹೆಸರು ಹೇಳಿ ಬಳಸಲು ಬರಬೇಕು. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಎಂಬವರು ಈ ಹೆಸರನ್ನು ಮೊದಲು ಬಳಸಿದರು. ಅಲ್ಲಿನ ಕಾಲೇಜು ಗ್ರಂಥಪಾಲಕರ ಸಂಘ 2016ರಲ್ಲಿ ಇದಕ್ಕಾಗಿ ಆರು ಪರಿಕಲ್ಪನೆಗಳ ಚೌಕಟ್ಟೊಂದನ್ನು ಅಂಗೀಕರಿಸಿತು. ಆ ಆರನ್ನೂ ಇಲ್ಲಿ ವಿವರಿಸಹೊರಟರೆ ನೀವು ಅಡುಗೆಮನೆಗೆ ಎದ್ದು ಹೋಗುತ್ತೀರಿ. ನಾನು ನನ್ನ ವಿದ್ಯಾರ್ಥಿಗಳಿಗೆ ಆರು ಹೇಳುವುದಿಲ್ಲ, ಎರಡು ಪ್ರಶ್ನೆ ಹೇಳುತ್ತೇನೆ. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಇವತ್ತಿನ ಭಾಷಣದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಈ ಎರಡನ್ನು ಮರೆಯಬೇಡಿ.

ಇದನ್ನು ಕಲಿಸಬೇಕಾದವರು ನಾವು, ಗ್ರಂಥಪಾಲಕರು. ಆದರೆ ನಮ್ಮಲ್ಲಿ ಕಲಿಸುವ ಕ್ರಮ ಹೇಗಿದೆ? ಕಾಲೇಜು ಶುರುವಾದ ಮೊದಲ ವಾರ ಹೊಸ ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ. ಇದು ಕಪಾಟು, ಇದು ಪತ್ರಿಕೆಗಳ ಮೇಜು, ಇಲ್ಲಿ ಮಾತನಾಡಬಾರದು, ಪುಸ್ತಕ ತಡವಾದರೆ ದಂಡ. ಮುಗಿಯಿತು. ಆ ದಿನ ಆ ಮಕ್ಕಳಿಗೆ ಯಾವ ಪ್ರಶ್ನೆಯೂ ಇರುವುದಿಲ್ಲ, ಶೌಚಾಲಯ ಎಲ್ಲಿದೆ ಎಂಬುದೊಂದನ್ನು ಬಿಟ್ಟು. ಪ್ರಶ್ನೆ ಇಲ್ಲದವರಿಗೆ ಹುಡುಕುವುದನ್ನು ಕಲಿಸುವುದು ಹೇಗೆ? ಐದು ತಿಂಗಳ ಬಳಿಕ ಸೆಮಿನಾರ್ ಪ್ರಬಂಧ ಒಪ್ಪಿಸಬೇಕಾದಾಗ ಅದೇ ಮಕ್ಕಳು ಮೊಬೈಲ್ ತೆಗೆದು ಮೊದಲು ಕಂಡ ಪುಟವನ್ನು ಇಳಿಸಿಕೊಳ್ಳುತ್ತಾರೆ. ಅಧ್ಯಾಪಕರೇ, ನಿಮ್ಮಲ್ಲಿ ಒಂದು ವಿನಂತಿ. ಪ್ರಬಂಧದ ವಿಷಯ ಕೊಟ್ಟ ವಾರವೇ ತರಗತಿಯನ್ನು ಗ್ರಂಥಾಲಯಕ್ಕೆ ಕಳುಹಿಸಿಕೊಡಿ. ಒಂದು ಗಂಟೆ ಸಾಕು. ಈ ವಿನಂತಿಯನ್ನು ಸಭೆಗಳಲ್ಲಿಯೂ ಮಾಡುತ್ತಾ ಬಂದಿದ್ದೇನೆ, ಇವತ್ತು ಬಾನುಲಿಯಲ್ಲಿ ಮಾಡುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿನಿಯ ಕತೆ ಹೇಳುತ್ತೇನೆ. ಅಂತಿಮ ವರ್ಷದ ಹುಡುಗಿ, ಮನೆಯಲ್ಲಿ ಸಣ್ಣದೊಂದು ರೊಬಸ್ಟಾ ತೋಟ. ಪ್ರಬಂಧದ ವಿಷಯ, ಕೊಡಗಿನಲ್ಲಿ ಕಾಫಿ ಬೆಳೆಯ ಇತಿಹಾಸ. ಬರೆದು ತಂದು ತೋರಿಸಿದಳು. ಮೊದಲ ವಾಕ್ಯ ಹೀಗಿತ್ತು: 1670ರಲ್ಲಿ ಬಾಬಾ ಬುಡನ್ ಅವರು ಯೆಮೆನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು.

‘ಯಾರು ಹೇಳಿದರು?’ ಎಂದು ಕೇಳಿದೆ.

‘ಎಲ್ಲ ಕಡೆ ಇದೆ ಮೇಡಂ’ ಎಂದಳು.

‘ಎಲ್ಲ ಕಡೆ ಇರಲಿ. ಮೊದಲು ಹೇಳಿದವರು ಯಾರು?’

ಆಕೆಗೆ ಸ್ವಲ್ಪ ಸಿಟ್ಟು ಬಂತು. ಒಳ್ಳೆಯದೇ ಆಯಿತು, ಸಿಟ್ಟಿನಲ್ಲಿ ಹುಡುಕಲು ಕುಳಿತಳು. ಆಕೆ ಆ ವಾಕ್ಯವನ್ನು ಎತ್ತಿಕೊಂಡಿದ್ದ ಜಾಲಪುಟದ ಕೊನೆಯಲ್ಲಿ ಇನ್ನೊಂದು ಪುಟದ ವಿಳಾಸವಿತ್ತು. ಅಲ್ಲಿಗೆ ಹೋದರೆ ಅದು ಮೂರನೆಯದನ್ನು ತೋರಿಸಿತು. ಮೂರನೆಯದರಲ್ಲಿ ಇಸವಿ 1670 ಅಲ್ಲ, 1600. ಮತ್ತೊಂದು ಕಡೆ 1695. ಬೀಜ ಮಾತ್ರ ಎಲ್ಲ ಕಡೆಯೂ ಏಳೇ! ಒಂದು ಪುಟವಂತೂ ಸುತ್ತಿ ಬಳಸಿ ಆಕೆ ಹೊರಟ ಪುಟವನ್ನೇ ಆಧಾರವೆಂದು ತೋರಿಸಿತು. ಅಷ್ಟು ಪುಟಗಳಲ್ಲಿ ಒಂದರಲ್ಲಿಯೂ ಆ ಕಾಲದವರ ಬರಹವಿಲ್ಲ, ಕಂಡವರ ಮಾತಿಲ್ಲ. ಕರಿಮೆಣಸು ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿರುವ ಕಾಳು ನೋಡಿ ಬೆಲೆ ಕಟ್ಟುವುದಿಲ್ಲ, ಕೈಯನ್ನು ಅಡಿಯವರೆಗೆ ಹಾಕುತ್ತಾನೆ. ಈ ಹುಡುಗಿ ಅಡಿಯವರೆಗೆ ಕೈ ಹಾಕಿದಳು. ಚೀಲ ಖಾಲಿ ಇತ್ತು.

‘ಹಾಗಾದರೆ ಇದು ಸುಳ್ಳಾ ಮೇಡಂ?’ ಎಂದು ಕೇಳಿದಳು. ಅರ್ಧ ಬರೆದ ಪ್ರಬಂಧ ಹಾಳಾಯಿತಲ್ಲ ಎಂಬ ಸಂಕಟ.

‘ಸುಳ್ಳು ಎಂದವರು ಯಾರು? ಬಹು ಕಾಲದ ಪ್ರತೀತಿ ಅದು, ಬೆಟ್ಟಕ್ಕೇ ಅವರ ಹೆಸರಿದೆ. ಪ್ರತೀತಿ ಎಂದೇ ಬರೆ. ಇಸವಿ ಒಂದೊಂದು ಕಡೆ ಒಂದೊಂದು ಇದೆ ಎಂದೂ ಬರೆ’ ಎಂದೆ.

ಆಮೇಲೆ ಕೇಳಿದೆ: ‘ನಿನ್ನ ವಿಷಯ ಕೊಡಗು. ಚಿಕ್ಕಮಗಳೂರಿನ ಬೆಟ್ಟದಲ್ಲೇ ನಿಂತಿದ್ದೀಯಲ್ಲ, ಇಲ್ಲಿಗೆ ಯಾವಾಗ ಬರುತ್ತೀ?’

ಕೊಡಗಿನ ಬಗ್ಗೆ ಹಳೆಯದೇನೂ ಸಿಗುವುದಿಲ್ಲ ಎಂದಳು. ಏಕೆ ಸಿಗುತ್ತಿಲ್ಲ ಎಂದು ನೋಡಿದರೆ, ಹುಡುಕುವ ಪೆಟ್ಟಿಗೆಯಲ್ಲಿ ‘ಕೊಡಗು’ ಎಂದೂ ‘ಮಡಿಕೇರಿ’ ಎಂದೂ ಬರೆಯುತ್ತಿದ್ದಳು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಆಮೇಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಸರ್ಕಾರಿ ಕಾಗದಪತ್ರಗಳಲ್ಲಿ ನಮ್ಮ ನಾಡು ‘ಕೂರ್ಗ್’. ನಮ್ಮ ಮಡಿಕೇರಿ ಆಗಿನ ಬರಹಗಳಲ್ಲಿ ‘ಮರ್ಕಾರಾ’. ಇಂಗ್ಲಿಷಿನ ಆ ಹೆಸರುಗಳಲ್ಲಿ ಹುಡುಕಿ ನೋಡು ಎಂದೆ. ನೋಡುತ್ತಿದ್ದಂತೆ ಪರದೆಯ ಮೇಲೆ ಪುಸ್ತಕಗಳ ಸಾಲೇ ಬಂತು. ಗ್ರಂಥಾಲಯದ ಪಾಠ ಎಂದರೆ ಇದು. ಹತ್ತು ನಿಮಿಷದ ಮಾತು, ಆದರೆ ಬೇಕಾದ ಗಳಿಗೆಯಲ್ಲಿ.

ಆ ಸಾಲಿನಲ್ಲಿ ಒಂದು ಪುಸ್ತಕ 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದದ್ದು, ರಿಕ್ಟರ್ ಎಂಬ ಪಾದ್ರಿ ಬರೆದ ಕೊಡಗಿನ ಕೈಪಿಡಿ. ಇಡೀ ಪುಸ್ತಕದ ಚಿತ್ರಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿದೆ. ಅದರ ಕಾಫಿಯ ಭಾಗದಲ್ಲಿ, ಕೊಡಗಿನ ಮೊದಲ ಯುರೋಪಿಯನ್ ಬೆಳೆಗಾರ ಫೌಲರ್ ಎಂಬಾತ 1854ರಲ್ಲಿ ಮಡಿಕೇರಿಯಲ್ಲಿ ತೋಟ ತೆರೆದ ವಿಷಯವಿದೆ. ಈಗ ನಮ್ಮ ಎರಡು ಪ್ರಶ್ನೆಗಳನ್ನು ಕೇಳಿ. ಯಾರು ಹೇಳಿದರು? ರಿಕ್ಟರ್. ಅವರಿಗೆ ಹೇಗೆ ಗೊತ್ತು? ಆತ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿ ಇಲ್ಲೇ ಇದ್ದವರು, ಬರೆದದ್ದು ಆ ಘಟನೆ ನಡೆದ ಹದಿನಾರು ವರ್ಷಗಳ ಬಳಿಕ. ಊರಿನಲ್ಲಿ ಕಂಡವರು ಇನ್ನೂ ಬದುಕಿದ್ದ ಕಾಲ. ಈ ಇಸವಿಯನ್ನು ಧೈರ್ಯವಾಗಿ ಬರೆಯಬಹುದು. ಅದೇ ಪಾದ್ರಿ ಕೊಡವರ ಆಚಾರ, ದೈವಗಳ ಬಗ್ಗೆ ಬರೆದದ್ದನ್ನು ಅಷ್ಟೇ ಧೈರ್ಯದಿಂದ ಎತ್ತಿಕೊಳ್ಳಬಹುದೇ? ಅಲ್ಲಿಯೂ ಎರಡನೆಯ ಪ್ರಶ್ನೆ ಕೇಳಿ. ಆಚಾರದ ಮಾತಿಗೆ ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ ಎಂಬ ಕೊಡವ ಜನಪದ ಹಾಡುಗಳ ಸಂಗ್ರಹ ಇದೆ, 1924ರದ್ದು. ಊರೂರು ತಿರುಗಿ, ಹಾಡುವವರ ಬಾಯಿಂದ ಕೇಳಿ ಸಂಗ್ರಹಿಸಿದ್ದು. ಶಾಸನಗಳ ಮಾತಾದರೆ ಲೂಯಿ ರೈಸ್ ಅವರ ಕೊಡಗಿನ ಶಾಸನಗಳ ಸಂಪುಟ, 1886ರದ್ದು. ಕಲ್ಲಿನ ಮೇಲಿನ ಪಠ್ಯವೇ ಅದರಲ್ಲಿದೆ.

ಆ ಹುಡುಗಿಯ ಪ್ರಬಂಧ ಹದಿನೈದು ಪುಟದಿಂದ ಒಂಬತ್ತಕ್ಕೆ ಇಳಿಯಿತು. ಪುಟ ಕಡಿಮೆಯಾಯಿತು ಎಂದು ಅಧ್ಯಾಪಕರು ತಕರಾರು ತೆಗೆದರಂತೆ. ಅದರ ಬಗ್ಗೆ ನನಗೆ ಹೇಳಬೇಕೆನಿಸುವುದು ಬಹಳ ಇದೆ, ಬಾನುಲಿಯಲ್ಲಿ ಬೇಡ.

ಈ ಕತೆಯಲ್ಲೇ ನನ್ನ ಸಮಯದ ಬಹುಪಾಲು ಹೋಯಿತು, ಗಾಜಿನಾಚೆ ಕುಳಿತವರು ಕೈಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕಪಾಟಿನ ವಿಷಯ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಅಂಕಿ ಅಲಂಕಾರಕ್ಕಲ್ಲ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕಾಫಿ ಬೆಳೆಯುವ ಪುಸ್ತಕ 633.73ರಲ್ಲಿ, ಕಾಫಿ ಹುರಿದು ಪುಡಿ ಮಾಡುವ ಉದ್ಯಮದ ಪುಸ್ತಕ 663.93ರಲ್ಲಿ. ಎರಡರ ನಡುವೆ ಎರಡು ಕಪಾಟುಗಳ ದೂರ ಇರಬಹುದು. ಒಂದು ಕಡೆ ನೋಡಿ ‘ಇಲ್ಲಿ ಏನೂ ಇಲ್ಲ’ ಎಂದು ಹೊರಡಬೇಡಿ. ‘ಓದುಗರ ಸಮಯ ಉಳಿಸಿ’ ಎಂದು ನಮ್ಮ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದನ್ನಾಗಿ ಬರೆದಿಟ್ಟಿದ್ದಾರೆ. ಆದ್ದರಿಂದ ಬಂದು ಕೇಳಿ. ಕೇಳಿದರೆ ಗ್ರಂಥಪಾಲಕರಿಗೆ ತೊಂದರೆಯಾಗುತ್ತದೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಅದು ನಮ್ಮ ಕೆಲಸ, ಸಂಬಳ ಬರುವುದೇ ಅದಕ್ಕೆ.

ಚಾಟ್‌ಬಾಟ್ ವಿಷಯ. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಲೇಖಕರ ಹೆಸರು, ಪುಸ್ತಕದ ಹೆಸರು, ಇಸವಿ, ಪುಟಸಂಖ್ಯೆ ಎಲ್ಲವನ್ನೂ ಕೊಡುತ್ತದೆ. ಕೆಲವೊಮ್ಮೆ ಅಂತಹ ಪುಸ್ತಕವೇ ಇರುವುದಿಲ್ಲ! ಆ ಪಟ್ಟಿ ಹಿಡಿದು ಬಂದು ‘ಈ ಪುಸ್ತಕ ಕೊಡಿ’ ಎನ್ನುವ ಮಕ್ಕಳು ಈಗ ಬರತೊಡಗಿದ್ದಾರೆ. ಗ್ರಂಥಾಲಯದ ಸೂಚಿಯಲ್ಲಿ ಹುಡುಕಿ, ಪುಸ್ತಕವನ್ನು ಕೈಯಲ್ಲಿ ಹಿಡಿದು, ಆ ಪುಟ ತೆರೆದು ನೋಡಿದ ಮೇಲೆ ಮಾತ್ರ ಆಧಾರ ಎಂದು ಬರೆಯಿರಿ.

ತೋಟದವರಿಗೆ ಹೇಳುತ್ತೇನೆ ಎಂದಿದ್ದೆ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಕಾಂಡಕ್ಕೆಲ್ಲ ಲಿಂಡೇನ್ ಎಂಬ ಕೀಟನಾಶಕ ಬಳಿಯಿರಿ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಹೇಳಿದವರು ತಿಳಿದವರೇ, ಆಗ ಅದೇ ಶಿಫಾರಸು. ಆದರೆ 2013ರಿಂದ ನಮ್ಮ ದೇಶದಲ್ಲಿ ಲಿಂಡೇನ್ ಬಳಕೆಗೆ ನಿಷೇಧವಿದೆ. ಪುಸ್ತಕ ಎತ್ತಿಕೊಂಡಾಗ ಹೆಸರಿರುವ ಮೊದಲ ಪುಟ ತಿರುಗಿಸಿ, ಅದರ ಹಿಂಬದಿಯಲ್ಲಿ ಅಚ್ಚಾದ ವರ್ಷ ನೋಡಿ. ವಿಡಿಯೋ ನೋಡಿದರೆ ಯಾವಾಗ ಹಾಕಿದ್ದು ಎಂದು ನೋಡಿ, ಹಾಕಿದವನು ಔಷಧಿ ಮಾರುವವನೇ ಎಂದೂ ನೋಡಿ. ಆಮೇಲೂ ಅನುಮಾನವಿದ್ದರೆ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಹೋಗಿ ಕೇಳಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮೊಬೈಲ್‌ಗಳಲ್ಲಿ ಏನೇನು ಹರಿದಾಡಿತು ಎಂಬುದನ್ನು ನೀವು ಮರೆತಿರಲಾರಿರಿ. ಅಲ್ಲಿಯೂ ಕೇಳಬೇಕಾದದ್ದು ಅದೇ ಎರಡು. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಇವೆ. ಅದಕ್ಕೆ ಪಾಸ್‌ವರ್ಡ್ ಬೇಡ, ಹಣ ಬೇಡ. ಕೊಡಗಿನ ಬಗ್ಗೆ ಮಾಡಿದ ಸಂಶೋಧನೆಗಳೂ ಅಲ್ಲಿವೆ. ‘ಎನ್-ಲಿಸ್ಟ್’ ಎಂಬುದು ಕಾಲೇಜುಗಳಿಗಾಗಿ ಇರುವ ವಿದ್ಯುನ್ಮಾನ ಪತ್ರಿಕೆ, ಪುಸ್ತಕಗಳ ಭಂಡಾರ. ನಿಮ್ಮ ಕಾಲೇಜು ಸದಸ್ಯನಾಗಿದ್ದರೆ ನಿಮ್ಮ ಇ-ಮೇಲ್ ವಿಳಾಸ ಬರೆದು ಗ್ರಂಥಪಾಲಕರಿಗೆ ಕೊಡಿ, ಅವರು ಪ್ರವೇಶ ಮಾಡಿಸಿಕೊಡುತ್ತಾರೆ. ಸರ್ಕಾರಿ ಕಾಲೇಜಿನವರು 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ, ಸಂಶೋಧನಾ ಪತ್ರಿಕೆಗಳನ್ನು ಓದಲು ಒದಗಿಸುವ ಯೋಜನೆಯ ಬಗ್ಗೆಯೂ ವಿಚಾರಿಸಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುವ ಊರು ನಮ್ಮದು. ಬೇಕಾದ ಅಧ್ಯಾಯಗಳನ್ನು ಕಾಲೇಜಿನಲ್ಲಿರುವಾಗಲೇ ಇಳಿಸಿಕೊಂಡು, ಯಾವುದು ಎಲ್ಲಿಂದ ಬಂತು ಎಂದು ಅಂದೇ ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ನಮಸ್ಕಾರ.